ಇನ್ನೂರು ರೂಪಾಯಿಯ ಪೋಕರ್: ಕೈ ಕುದುರಿತೋ, ಕೈ ಸುಟ್ಟಿತೋ?

ಅಮ್ಮಸಂದ್ರ: ಯುಗಾದಿ ಬಂತೆಂದರೆ ತೆಂಗಿನ ತೋಟದಲ್ಲಿ ಚಾಪೆ ಹಾಸಿ ಇಸ್ಪೀಟು ಕಲಸುವುದು ಈ ಸೀಮೆಗೆ ಹೊಸದಲ್ಲ. ಅಂದರ್-ಬಾಹರ್ ಆಡಿ ಕೊಬ್ಬರಿ ದುಡ್ಡು ಕಳೆದವರ ಕತೆ ಊರೂರಿಗೂ ಇದೆ. ಜೀಪಿನ ಸದ್ದಾದರೆ ಎಲೆ ಬಿಸಾಕಿ ಬದುವಿನ ಮೇಲೆ ಓಡಿದವರ ಕತೆಯೂ ಇದೆ. ಓಸಿ ಚೀಟಿ ಬರೆದವರನ್ನು ಕಂಡಿದ್ದೇವೆ. ಲಾಟರಿಯನ್ನು ಕಂಡಿದ್ದೇವೆ, 2007ರಲ್ಲಿ ಸರ್ಕಾರ ಅದಕ್ಕೆ ಬೀಗ ಹಾಕಿದ್ದನ್ನೂ ಕಂಡಿದ್ದೇವೆ.

ಆದರೆ ಮೊಬೈಲು ತಂದ ಪೋಕರ್‌ನ ಗತ್ತೇ ಬೇರೆ. ಚಾಪೆ ಬೇಡ, ಜೀಪಿನ ಭಯವಿಲ್ಲ, ಎದುರಿಗೆ ಕೂತವನ ಮುಖವೂ ಕಾಣದು. ಒಂದು ರೂಪಾಯಿ–ಎರಡು ರೂಪಾಯಿಯ ಮೇಜು, ಇನ್ನೂರು ರೂಪಾಯಿ ಬಂಡವಾಳ. ‘ಇದು ಜೂಜಲ್ಲ, ಜಾಣ್ಮೆ, ಕಲಿತರೆ ಗೆಲ್ತೀಯ’ ಎಂಬ ಜಾಹೀರಾತು ಬೇರೆ. ಕಲಿತವರು ಗೆದ್ದರೆ? ಎಷ್ಟು ಗೆದ್ದರು? ಲೆಕ್ಕ ಹಾಕಿ ನೋಡಿದವರು ಕಡಿಮೆ. ಹಾಕೋಣ.

ಆಟದ ಹದ

ಹೆಚ್ಚು ಜನ ಆಡಿದ್ದು ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆಯನ್ನು. ಒಬ್ಬೊಬ್ಬನ ಕೈಗೆ ಎರಡೆಲೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದೆಲೆ. ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಪ್ರತಿ ಹಂತದಲ್ಲೂ ದುಡ್ಡು ಕಟ್ಟಬಹುದು, ಇಲ್ಲವೇ ಎಲೆ ಬಿಟ್ಟು ಸುಮ್ಮನೆ ಕೂರಬಹುದು. ಏಳೆಲೆಯಲ್ಲಿ ಒಳ್ಳೆಯ ಐದು ಯಾರದ್ದೋ ಗಂಟು ಅವರದ್ದು. ಎದುರಾಳಿಗಳೆಲ್ಲ ಹೆದರಿ ಎದ್ದರೆ, ಕೈಯಲ್ಲಿ ಏನೂ ಇಲ್ಲದವನಿಗೂ ಗಂಟು ಸಿಕ್ಕೀತು.

ಅಂದರ್-ಬಾಹರ್‌ಗೂ ಇದಕ್ಕೂ ವ್ಯತ್ಯಾಸ ಇರುವುದು ಇಲ್ಲೇ. ಅಲ್ಲಿ ಎಲೆ ಬೀಳುವುದಷ್ಟೇ ಆಟ. ಇಲ್ಲಿ ಬಿಡುವುದೋ ಕಟ್ಟುವುದೋ ಎಂಬ ತೀರ್ಮಾನ ಆಟಗಾರನದ್ದು. ಆದ್ದರಿಂದ ಕಲಿಯುವುದಕ್ಕೆ ಜಾಗವಿದೆ ಎಂಬ ಮಾತು ಸುಳ್ಳಲ್ಲ.

ಮೊದಲ ಪಾಠ: ಬಿಸಾಕು

ಹೊಸಬರ ದೊಡ್ಡ ತಪ್ಪು ಒಂದೇ: ಬಂದ ಎಲೆಯನ್ನೆಲ್ಲ ಆಡುವುದು. ತಿಪಟೂರು ಮಾರುಕಟ್ಟೆಗೆ ಹೋಗಿ ಬಂದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಟೆಂಡರಿಗೆ ಬಂದ ಎಲ್ಲ ರಾಶಿಗೂ ರೇಟು ಬರೆಯುವ ವರ್ತಕ ವರ್ಷ ತುಂಬುವುದರೊಳಗೆ ಅಂಗಡಿ ಮುಚ್ಚುತ್ತಾನೆ. ಕೊಬ್ಬರಿ ಒಡೆದು ನೋಡಿ, ಬೇಡವಾದದ್ದನ್ನು ಬಿಟ್ಟು, ಬೇಕಾದದ್ದಕ್ಕೆ ಮಾತ್ರ ಕೈ ಹಾಕುವವನು ಉಳಿಯುತ್ತಾನೆ.

ಎಲೆಯ ಲೆಕ್ಕವೂ ಹಾಗೆಯೇ. ಎರಡೆಲೆ ಒಂದೇ ಜೋಡಿಯಾಗಿ ಬರುವುದು ಸುಮಾರು 17 ಸಲಕ್ಕೆ ಒಮ್ಮೆ. ಎಕ್ಕದ ಜೋಡಿ ಬರುವುದು 221 ಸಲಕ್ಕೆ ಒಮ್ಮೆ. ಸಣ್ಣ ಜೋಡಿ ಹಿಡಿದವನಿಗೆ ಮೊದಲ ಮೂರೆಲೆಯಲ್ಲಿ ಮೂರನೆಯದೂ ಸಿಗುವುದು ಎಂಟೂವರೆ ಸಲಕ್ಕೆ ಒಮ್ಮೆ. ಅಂದರೆ ಆಟದ ಬಹುಪಾಲು ಹೊತ್ತು ಸುಮ್ಮನೆ ಎಲೆ ಬಿಡುತ್ತ ಕೂರುವುದೇ ಕೆಲಸ. ಅಟ್ಟದ ಮೇಲೆ ಕಾಯಿ ಹಾಕಿ, ಒಳಗೆ ಗಲಗಲ ಅನ್ನುವವರೆಗೆ ಹತ್ತು ಹನ್ನೊಂದು ತಿಂಗಳು ಕಾಯುವ ಜನಕ್ಕೆ ತಾಳ್ಮೆ ಹೊಸದಲ್ಲ. ಆದರೆ ಮೊಬೈಲು ಕೈಗೆ ಬಂದರೆ ಆ ತಾಳ್ಮೆ ಎಲ್ಲಿಗೆ ಹೋಗುತ್ತದೋ!

ಎರಡನೆಯ ಪಾಠ, ಕೂತ ಜಾಗ. ಎಲ್ಲರೂ ಕಟ್ಟಿದ್ದನ್ನು ನೋಡಿ ಕೊನೆಯಲ್ಲಿ ತೀರ್ಮಾನ ಮಾಡುವವನಿಗೆ ಅನುಕೂಲ ಹೆಚ್ಚು. ಮೊದಲು ಬಾಯಿ ಬಿಡಬೇಕಾದವನು ಗಟ್ಟಿ ಎಲೆ ಇದ್ದರೆ ಮಾತ್ರ ಆಡಬೇಕು. ಪಂಚಾಯ್ತಿ ಕಟ್ಟೆಯ ಬುದ್ಧಿವಂತರು ಕೊನೆಗೆ ಮಾತಾಡುವುದು ಯಾಕೆಂದು ಎಲ್ಲರಿಗೂ ಗೊತ್ತು.

ಆಸೆಗೆ ಬೆಲೆ ಎಷ್ಟು?

ಮೂರನೆಯದು ಲೆಕ್ಕದ ಪಾಠ. ಕೈಯಲ್ಲಿ ಎರಡು, ಮೇಜಿನ ಮೇಲೆ ಎರಡು, ಒಟ್ಟು ನಾಲ್ಕು ಆಟೀನು ಇವೆ; ಐದನೆಯದು ಬಂದರೆ ಗೆಲುವು ಎಂದಿಟ್ಟುಕೊಳ್ಳಿ. ಉಳಿದಿರುವುದು ಕೊನೆಯ ಒಂದೆಲೆ. ಗಂಟಿನಲ್ಲಿ 60 ರೂಪಾಯಿ ಇದೆ, ಎದುರಾಳಿ ಮತ್ತೆ 30 ಕಟ್ಟಿದ್ದಾನೆ. ನೀವೂ 30 ಕಟ್ಟಬೇಕೆ?

ನಿಮ್ಮ ಕಣ್ಣಿಗೆ ಬಿದ್ದ ಎಲೆ ಆರು, ಕಾಣದ ಎಲೆ 46. ಅದರಲ್ಲಿ ಆಟೀನು ಒಂಬತ್ತು. ಅಂದರೆ ಐದು ಸಲದಲ್ಲಿ ಒಮ್ಮೆಯೂ ಪೂರ್ತಿ ಬಾರದು. ಆದರೆ 30 ಹಾಕಿ 90 ಹೊಡೆಯಬೇಕಾದರೆ ನಾಲ್ಕು ಸಲಕ್ಕೆ ಒಮ್ಮೆ ಗೆಲ್ಲಲೇಬೇಕು. ಗೆದ್ದಮೇಲೂ ಎದುರಾಳಿಯಿಂದ ಇನ್ನಷ್ಟು ಕೀಳಬಹುದೆಂಬ ಖಾತ್ರಿ ಇಲ್ಲದಿದ್ದರೆ ಬಿಡುವುದೇ ಸರಿ. ಹೊಸಬ ಏನು ಮಾಡುತ್ತಾನೆ? ‘ಬಂದ್ರೂ ಬರಬಹುದು’ ಅಂತ ಕಟ್ಟುತ್ತಾನೆ. ಒಂದು ಸಲ ಬಂದೂ ಬಿಡುತ್ತದೆ. ಆ ಒಂದು ಸಲವನ್ನು ಅವನು ವರ್ಷವಿಡೀ ನೆನೆಯುತ್ತಾನೆ. ಬಾರದ ನಾಲ್ಕು ಸಲ ಸಂಜೆಯೊಳಗೆ ಮರೆಯುತ್ತಾನೆ.

ಟೀ ಅಂಗಡಿ ಬೆಂಚಿನ ಮೇಲೆ ಇಂಥ ಮಾತು ಕೇಳದವರು ಯಾರು?

‘ಏನ್ಲಾ, ನಿನ್ನೆ ಎಷ್ಟು ಬಂತು?’

‘ನಾನೂರು, ದೊಡ್ಡಪ್ಪ!’

‘ಮೊನ್ನೆ?’

‘ಮೊನ್ನೇದು ಬುಡು ದೊಡ್ಡಪ್ಪ.’

‘ಆ ಬುಡು ಅನ್ನೋದನ್ನ ಬರ್ದಿಡ್ಲಾ. ನಿನ್ನ ಲೆಕ್ಕ ಇರೋದೇ ಅಲ್ಲಿ.’

ದೊಡ್ಡಪ್ಪನ ಮಾತೇ ನಾಲ್ಕನೆಯ ಪಾಠ. ತಂದ ದುಡ್ಡು, ಎದ್ದಾಗ ಉಳಿದ ದುಡ್ಡು, ಕೂತ ಹೊತ್ತು, ಈ ಮೂರನ್ನು ಪ್ರತಿದಿನ ಪುಸ್ತಕದಲ್ಲಿ ಬರೆಯದವನು ಆಟ ಕಲಿಯುತ್ತಿಲ್ಲ, ಆಡುತ್ತಿದ್ದಾನೆ ಅಷ್ಟೆ. ಅದೃಷ್ಟದ ಏರಿಳಿತ ಎಷ್ಟೆಂದರೆ, ತಾನು ಗೆಲ್ಲುವ ಆಟಗಾರನೋ ಸೋಲುವವನೋ ಎಂದು ಗೊತ್ತಾಗಲು ಹತ್ತಾರು ಸಾವಿರ ಕೈ ಆಡಬೇಕು. ಆ ಏರಿಳಿತ ತಡೆಯಲು, ಇನ್ನೂರರ ಮೇಜಿಗೆ ಕೂರುವವನು ಅದಕ್ಕೆಂದೇ ನಾಲ್ಕರಿಂದ ಆರು ಸಾವಿರ ಬೇರೆ ತೆಗೆದಿಟ್ಟಿರಬೇಕೆಂಬುದು ಬಲ್ಲವರ ಕಟ್ಟಳೆ. ಸಂಬಳದಲ್ಲಿ, ಕೊಬ್ಬರಿಯಲ್ಲಿ, ಚೀಟಿ ದುಡ್ಡಿನಲ್ಲಿ ಕೈಹಾಕಿ ಕೂತವನಿಗೆ ಆ ಕಟ್ಟಳೆ ಎಲ್ಲಿಯದು?

ಮೇಜಿನ ಯಜಮಾನ

ಇನ್ನು ಯಾರೂ ಬಾಯಿಬಿಟ್ಟು ಹೇಳದ ವಿಚಾರ. ಆಡಿಸುವ ಕಂಪೆನಿ ಗಂಟಿನಲ್ಲಿ ಕಮಿಷನ್ ಮುರಿಯುತ್ತಿತ್ತು. ಮಾತಿಗೆ ನೂರಕ್ಕೆ ಐದು ಎನ್ನಿ. ಆರು ಜನ ತಲಾ 200 ತಂದರು, ಮೇಜಿನ ಮೇಲೆ 1,200 ರೂಪಾಯಿ. ಸರಾಸರಿ ಗಂಟು 20 ರೂಪಾಯಿಯಾದರೆ ಪ್ರತಿ ಕೈಗೂ ಒಂದು ರೂಪಾಯಿ ಕಂಪೆನಿಗೆ. ಗಂಟೆಗೆ 70 ಕೈ. ಆರೂ ಜನ ಸಮಬಲದವರಾದರೆ ಹದಿನೇಳು ಗಂಟೆಯಲ್ಲಿ 1,200 ರೂಪಾಯಿಯೂ ಕಂಪೆನಿಯ ಪಾಲು. ಆಡಿದವರೆಲ್ಲ ಸೋತರು, ಆಡದವನು ಗೆದ್ದ!

2023ರ ಅಕ್ಟೋಬರ್ 1ರಿಂದ ಕಟ್ಟಿದ ದುಡ್ಡಿನ ಮೇಲೇ ನೂರಕ್ಕೆ 28ರ ಜಿಎಸ್‌ಟಿಯೂ ಬಂತು. ನೂರು ರೂಪಾಯಿ ಹಾಕಿದರೆ ತೆರಿಗೆ ಹೋಗಿ ಉಳಿದದ್ದು 78 ಚಿಲ್ಲರೆ. ಕೆಲವು ಕಂಪೆನಿಗಳು ಆ ಕೊರತೆಯನ್ನು ಬೋನಸ್ ಎಂದು ತುಂಬಿದವು. ಗೆದ್ದ ನಿವ್ವಳ ಹಣಕ್ಕೆ ನೂರಕ್ಕೆ 30ರ ಟಿಡಿಎಸ್ ಬೇರೆ.

ಇಷ್ಟರ ಮೇಲೂ ಚೆನ್ನಾಗಿ ಕಲಿತವನೊಬ್ಬ ನೂರು ಕೈಗೆ ಹತ್ತು ರೂಪಾಯಿ ಉಳಿಸುತ್ತಾನೆ ಎನ್ನಿ. ಎರಡು ರೂಪಾಯಿಯ ಮೇಜಿನಲ್ಲಿ ಅದು ಒಳ್ಳೆಯ ಆಟವೇ. ಗಂಟೆಗೆ ಏಳು ರೂಪಾಯಿ! ಒಂದು ತೆಂಗಿನಕಾಯಿಯೂ ಬಾರದು. ರಾತ್ರಿಯೆಲ್ಲ ಕಣ್ಣು ಕೆಂಪಗೆ ಮಾಡಿಕೊಂಡ ಜಾಣನಿಗಿಂತ ಬೆಳಿಗ್ಗೆ ಎದ್ದು ಕಾಯಿ ಸುಲಿಯುವವನ ಕೂಲಿ ಎಷ್ಟೋ ಮೇಲು. ಆ ಬೇಸರಕ್ಕೇ ಸಣ್ಣ ಮೇಜಿನವನು ದೊಡ್ಡ ಮೇಜಿಗೆ ಹಾರುವುದು. ಸಾಲದ ಆ್ಯಪಿಗೆ ಬೆರಳು ಒತ್ತುವುದೂ ಅಲ್ಲಿಂದಲೇ.

ಕೋರ್ಟು, ಕಾನೂನು

ಜೂಜೋ ಜಾಣ್ಮೆಯೋ ಎಂಬ ತಕರಾರು ಹಳೆಯದು. ರಮ್ಮಿಯಲ್ಲಿ ಜಾಣ್ಮೆಯೇ ಹೆಚ್ಚು ಎಂದು ಸುಪ್ರೀಂ ಕೋರ್ಟು 1967ರಲ್ಲಿ ಹೇಳಿತು. ಆಡಿಸುವವನು ಅದರಿಂದ ಲಾಭ ಹೊಡೆದರೆ ಅಪರಾಧವಾದೀತು ಎಂದೂ ಅದೇ ತೀರ್ಪು ಎಚ್ಚರಿಸಿತ್ತು. ಜಾಹೀರಾತಿನವರು ಮೊದಲ ಮಾತನ್ನಷ್ಟೇ ಹಿಡಿದುಕೊಂಡರು. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ನಿಷೇಧದ ಕಲಮುಗಳನ್ನು ತಳ್ಳಿಹಾಕಿತು.

ಕೊನೆಗೆ 2025ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟೇ ಕಾಯ್ದೆ ಮಾಡಿತು. ಜಾಣ್ಮೆಯೋ ಅದೃಷ್ಟವೋ ಎಂಬ ಭೇದವಿಲ್ಲದೆ ಹಣ ಕಟ್ಟುವ ಆನ್‌ಲೈನ್ ಆಟಕ್ಕೆಲ್ಲ ತಡೆ. ಆಡಿಸಿದವನಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಬರೀ ಆಡಿದವನಿಗೆ ಶಿಕ್ಷೆಯಿಲ್ಲ. ದೊಡ್ಡ ಕಂಪೆನಿಗಳು ಆ ತಿಂಗಳೇ ಹಣದ ಮೇಜು ಎತ್ತಿದವು. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳನ್ನು ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ತನ್ನ ಬಳಿಗೇ ತರಿಸಿಕೊಂಡಿತು.

ಕಲಿಯುವ ಹುಡುಗರಿಗೆ

ಮೇಜು ಎತ್ತಿದರೆ ಚಟ ಎದ್ದುಹೋಗುತ್ತದೆಯೆ? ಕಳ್ಳದಾರಿಯ ವಿದೇಶಿ ಆ್ಯಪುಗಳು ‘ಬಾ ಗುರು’ ಎಂದು ಮೆಸೇಜು ಕಳಿಸುತ್ತವೆ. ಅಲ್ಲಿ ಗೆದ್ದರೂ ದುಡ್ಡು ಕೈಗೆ ಬರುವ ಖಾತ್ರಿಯಿಲ್ಲ. ಎದುರಿಗೆ ಕೂತದ್ದು ಮನುಷ್ಯನೋ ಯಂತ್ರವೋ ತಿಳಿಯದು. ಕೇಳಲು ಹೋಗಲು ಆಫೀಸೂ ಇಲ್ಲ. ಮೋಸ ಹೋದವರು ತಡಮಾಡದೆ 1930ಕ್ಕೆ ಫೋನು ಮಾಡಬೇಕು. ಬಿಡಲಾಗದೆ ಒದ್ದಾಡುವವರಿಗೆ 14416ರ ಟೆಲಿಮಾನಸ್ ಇದೆ. ಹೇಳಿಕೊಂಡರೆ ಮಾನ ಹೋಗುವುದಿಲ್ಲ.

ಆಟದ ಮೇಲೇ ಮನಸ್ಸಿದ್ದವರಿಗೆ ಹಣವಿಲ್ಲದ ಪೋಕರ್‌ಗೆ ಅಡ್ಡಿಯಿಲ್ಲ. ನಾಲ್ಕು ಜನ ಗೆಳೆಯರು, ಒಂದು ಕಟ್ಟು ಇಸ್ಪೀಟು, ಬಿಲ್ಲೆಗೆ ಹುಣಸೆ ಬೀಜ ಸಾಕು. ಎಲೆ ಬಿಡುವುದನ್ನು, ಲೆಕ್ಕ ಹಾಕುವುದನ್ನು, ಸೋತಾಗ ಸಿಟ್ಟಿಗೇಳದಿರುವುದನ್ನು ಹುಣಸೆ ಬೀಜದಲ್ಲೂ ಕಲಿಯಬಹುದು. ಬೀಜಕ್ಕೆ ಕಮಿಷನ್ ಮುರಿಯುವ ಕಂಪೆನಿ ಇನ್ನೂ ಹುಟ್ಟಿಲ್ಲ.

2023ರಲ್ಲಿ ಕೊಬ್ಬರಿ ಬೆಲೆ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದಾಗ ಈ ಸೀಮೆ ಪಟ್ಟ ಪಾಡು ಯಾರೂ ಮರೆತಿಲ್ಲ. ಮಳೆ, ರೋಗ, ಮಾರುಕಟ್ಟೆ ಮೂರರ ಜೂಜನ್ನೂ ತೆಂಗು ಬೆಳೆಗಾರ ವರ್ಷವೂ ಆಡುತ್ತಾನೆ, ಬೇಡವೆಂದರೂ ಬಿಡುವಂತಿಲ್ಲ. ಬೇಕೆಂದು ಆಡುವ ಇನ್ನೊಂದು ಜೂಜಿಗೆ ಅಟ್ಟದ ಕಾಯಿ ಇಳಿಸಬೇಕೆ ಎಂಬುದನ್ನು ಮನೆಮನೆಯಲ್ಲಿ ಕೂತು ಕೇಳಿಕೊಳ್ಳಲಿ.