ನೀರಿನಿಂದ ದೋಣಿಗೆ ಒಂದು ಹಿಡಿಕೆ

(ಆಕಾಶವಾಣಿ ಭಾಷಣದ ಬರಹರೂಪ)

ಕನ್ನಡ ಸಾಹಿತ್ಯದಲ್ಲಿ ಅಂಬಿಗನಿಗೆ ಸಂದ ಗೌರವ ಸಣ್ಣದಲ್ಲ. ಹನ್ನೆರಡನೆಯ ಶತಮಾನದ ಚೌಡಯ್ಯ ತನ್ನ ವೃತ್ತಿಯ ಹೆಸರನ್ನೇ ವಚನಗಳ ಅಂಕಿತವಾಗಿಸಿದ; ತುಂಗಭದ್ರೆಯ ದಂಡೆಯ ಚೌಡಯ್ಯದಾನಪುರ ಇಂದಿಗೂ ಅವನ ಹೆಸರನ್ನು ಹೊತ್ತು ನಿಂತಿದೆ. ಪುರಂದರದಾಸರ ಅಂಬಿಗನ ಪದದಲ್ಲಿ ಹರಿಗೋಲೆಂದರೆ ನವದ್ವಾರಗಳುಳ್ಳ ಈ ದೇಹವೇ. ಆದರೆ ಈ ಎಲ್ಲ ಚಿತ್ರಗಳಲ್ಲಿ ದಾಟುವವನು ಆಗಲೇ ದೋಣಿಯ ಒಳಗೆ ಕುಳಿತಿರುತ್ತಾನೆ. ದೋಣಿಯ ಪಕ್ಕದಲ್ಲಿಯೇ ನೀರಿನಲ್ಲಿದ್ದೂ ಅದರೊಳಕ್ಕೆ ಏರಲಾರದೆ ಒದ್ದಾಡುವವನೊಬ್ಬನಿದ್ದಾನಲ್ಲ, ಅವನನ್ನು ನಮ್ಮ ಕವಿಗಳು ಅಷ್ಟಾಗಿ ಗಮನಿಸಿದಂತಿಲ್ಲ. ದೋಣಿ ಕಟ್ಟುವವರೂ ಅನೇಕ ವೇಳೆ ಗಮನಿಸಿಲ್ಲ. ಈ ಹೊತ್ತಿನ ನನ್ನ ಮಾತು ಅವನ ಕೈಗೆ ಸಿಗಬೇಕಾದ ಒಂದು ಹಿಡಿಕೆಯನ್ನು ಕುರಿತದ್ದು.

ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಹೊಳೆಮಣ್ಣೂರಿನಂಥ ಊರಿನಲ್ಲಿ ಈ ಮಾತು ಕೇವಲ ಕುತೂಹಲದ್ದಾಗಲಾರದು. ಹೊಳೆಮಣ್ಣೂರ, ಹೊಳೆಆಲೂರ ಎಂದು ಹೊಳೆಯನ್ನು ಹೆಸರಿನಲ್ಲಿಯೇ ಕಟ್ಟಿಕೊಂಡ ಊರುಗಳಿವು. ಖಾನಾಪುರದ ಕಡೆಯ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನಲ್ಲಿ ತಂಗಿ, ಕಡೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆ, ಬೇಸಗೆಯಲ್ಲಿ ಈ ಭಾಗದಲ್ಲಿ ಬಡಕಲು ಹೊಳೆ. ಘಟ್ಟದ ಮಳೆ ಜೋರಾಗಿ ಅಣೆಕಟ್ಟಿನ ಬಾಗಿಲು ತೆರೆದಾಗ ಮಾತ್ರ ಅದೇ ಹೊಳೆ ದಂಡೆ ಮೀರಿ ಮನೆಯ ಹೊಸ್ತಿಲಿಗೆ ಬರುತ್ತದೆ. 2009ರಲ್ಲಿ ಬಂದಿತು, 2019ರಲ್ಲಿ ಮತ್ತೆ ಬಂದಿತು. ಅಂಥ ದಿನಗಳಲ್ಲಿ ದೋಣಿಯೆಂಬುದು ರೂಪಕವಾಗಿ ಉಳಿಯುವುದಿಲ್ಲ.

ನಮ್ಮ ಒಳನಾಡಿನ ಹಳೆಯ ದೋಣಿಯೆಂದರೆ ಹರಿಗೋಲು, ಆಡುಮಾತಿನ ಹರಗೋಲು. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು, ಅಂಚಿಗೆ ದಪ್ಪನಾದ ಸುತ್ತು ಕಟ್ಟಿ, ಹೊರಮೈಗೆ ತೊಗಲು ಹೊದಿಸಿದ ದುಂಡನೆಯ ಪಾತ್ರೆ. ಈಗ ತೊಗಲಿನ ಸ್ಥಾನಕ್ಕೆ ಪ್ಲಾಸ್ಟಿಕ್ ಹಾಳೆಯೂ ಡಾಮರೂ ಬಂದಿವೆ. ಇಡಿಯಾಗಿ ಫೈಬರಿನಿಂದ ಎರಕ ಹೊಯ್ದವೂ ಇವೆ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ತುಗೀಜ ಪ್ರವಾಸಿ ದೊಮಿಂಗೊ ಪಾಯೆಸ್ ಆನೆಗೊಂದಿಯ ಕಡವಿನಲ್ಲಿ ಇದನ್ನು ನೋಡಿ ಬೆರಗಾಗಿದ್ದಾನೆ. ಹದಿನೈದು ಇಪ್ಪತ್ತು ಜನರನ್ನು ಹೊರುವ ಇದು ನೆಟ್ಟಗೆ ಸಾಗದೆ ಸುತ್ತುತ್ತಲೇ ಹೋಗುತ್ತದೆಂದು ಅವನು ಬರೆದಿಟ್ಟಿದ್ದಾನೆ. ಅವನಿಗಿಂತ ಎರಡು ಸಾವಿರ ವರ್ಷಗಳಷ್ಟು ಹಿಂದಿನ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬ್ಯಾಬಿಲೋನಿನ ನದಿಯಲ್ಲಿ ತೇಲುವ ತೊಗಲಿನ ದುಂಡು ದೋಣಿಗಳನ್ನು ವರ್ಣಿಸುತ್ತ, ಸರಕಿನ ಜೊತೆಗೆ ಒಂದು ಕತ್ತೆಯನ್ನೂ ಅವು ಹೊತ್ತು ತರುತ್ತಿದ್ದವೆನ್ನುತ್ತಾನೆ. ಕತ್ತೆಯನ್ನು ದೋಣಿಗೆ ಹತ್ತಿಸುವುದು ಹೇಗೆಂಬುದನ್ನು ಮಾತ್ರ ಆ ಮಹಾಶಯನೂ ಹೇಳಿಲ್ಲ.

ಇರಲಿ. ದಂಡೆಯಿಂದ ದೋಣಿಗೆ ಹತ್ತುವುದು ಒಂದು ಬಗೆ, ನೀರಿನಿಂದ ಹತ್ತುವುದು ತೀರ ಬೇರೆ ಬಗೆ. ಕುತ್ತಿಗೆಯವರೆಗೆ ಮುಳುಗಿದ ಮನುಷ್ಯನನ್ನು ನೀರೇ ಹೊತ್ತುಕೊಂಡಿರುತ್ತದೆ; ಆಗ ಅವನ ಭಾರ ಅವನಿಗೇ ತಿಳಿಯದು. ಮೈಯ ಒಂದೊಂದು ಭಾಗ ನೀರಿನಿಂದ ಮೇಲೆದ್ದಂತೆ ಆ ಭಾಗದ ತೂಕ ತೋಳಿನ ಮೇಲೆ ಬೀಳತೊಡಗುತ್ತದೆ. 60 ಕಿಲೊ ತೂಕದವನು ಸೊಂಟದವರೆಗೆ ಮೇಲೆ ಬರುವಷ್ಟರಲ್ಲಿ ಅದರಲ್ಲಿ ಅರ್ಧಕ್ಕೂ ಮೀರಿದ ಭಾರವನ್ನು ಎರಡು ಕೈಗಳೇ ಎಳೆಯಬೇಕಾಗುತ್ತದೆ. ನೆನೆದ ಧೋತರ, ಸೀರೆಗಳು ಹೀರಿಕೊಂಡ ನೀರು ಇದಕ್ಕೆ ಸೇರುತ್ತದೆ. ಕಾಲಿಗೆ ಊರಲು ನೆಲವಿಲ್ಲ. ಅಷ್ಟೇ ಅಲ್ಲ, ಕೈಯಿಂದ ಅಂಚನ್ನು ಎಳೆದುಕೊಂಡಷ್ಟೂ ಕಾಲುಗಳು ದೋಣಿಯ ಹೊಟ್ಟೆಯ ಕೆಳಗೆ ಜಾರಿ ಹೋಗಿ, ಮನುಷ್ಯ ಅಂಗಾತನಾಗುತ್ತಾನೆ. ದೋಣಿಯನ್ನು ಗಿಡಕ್ಕೋ ಕಂಬಕ್ಕೋ ಕಟ್ಟಿ ನಿಲ್ಲಿಸಿದ್ದು, ಅವನು ಸೆಳವು ಬರುವ ಕಡೆಗಿದ್ದರಂತೂ ನೀರೇ ಅವನನ್ನು ಅಡಿಗೆ ನೂಕುತ್ತದೆ. ಈಜು ಬಲ್ಲವನೂ ಎರಡು ಮೂರು ಸಲ ಇಂಥ ಪ್ರಯತ್ನ ಮಾಡಿ ಸೋತರೆ ನಾಲ್ಕನೆಯ ಪ್ರಯತ್ನಕ್ಕೆ ತೋಳಿನಲ್ಲಿ ಕಸುವು ಉಳಿದಿರುವುದಿಲ್ಲ. ದೋಣಿಯ ಮಗ್ಗುಲಿನಲ್ಲಿಯೇ ಪ್ರಾಣ ಹೋಗುವುದು ಹೀಗೆ.

ಹರಿಗೋಲಿಗೆ ಇನ್ನೊಂದು ಸ್ವಭಾವವಿದೆ. ಅದಕ್ಕೆ ತಳದಲ್ಲಿ ನೆಟ್ಟನೆಯ ಅಡಿಮರವಿಲ್ಲ, ಮುಂದು ಹಿಂದುಗಳಿಲ್ಲ. ಒಂದು ಅಂಚಿಗೆ ಭಾರ ಬಿದ್ದರೆ ಆ ಅಂಚು ಬಾಗುತ್ತದೆ, ಎದುರಿನದು ಏಳುತ್ತದೆ. ಮಲಪ್ರಭೆಯ ದಂಡೆಯಲ್ಲಿ ವೃದ್ಧ ಅಂಬಿಗರೊಬ್ಬರು ಒಮ್ಮೆ ನನಗೆ ಇದನ್ನು ಎರಡೇ ಮಾತಿನಲ್ಲಿ ತಿಳಿಸಿದರು: “ಬಿದ್ದಾಂವಗ ಕೈ ಕೊಡಬ್ಯಾಡ್ರೀ ಸರ, ಹಗ್ಗ ಕೊಡ್ರಿ. ಉಳದಾವ್ರು ಆ ಕಡೆ ಸರದು ಕುಂಡ್ರಬೇಕ್ರಿ.” ಮೆಕ್ಯಾನಿಕ್ಸಿನ ಒಂದು ಪಾಠ ಇಷ್ಟರಲ್ಲಿ ಅಡಗಿದೆ. ಕೈ ಕೊಟ್ಟವನು ಅಂಚಿಗೆ ಬಂದು ಬಾಗಬೇಕಾಗುತ್ತದೆ. ಆಗ ಅಂಚಿನ ಮೇಲೆ ಇಬ್ಬರ ಭಾರ. ಬಿದ್ದವನ ಕೈಗೆ ದೋಣಿಗೇ ಕಟ್ಟಿದ ಹಿಡಿಕೆ ಸಿಕ್ಕರೆ ಒಳಗಿನವರು ಎದುರು ಬದಿಯಲ್ಲಿ ಕುಳಿತು ತೂಕ ಸರಿದೂಗಿಸಬಹುದು.

ಹರಿಗೋಲಿಗೆ ಹಿಡಿಕೆಯೆಂದರೆ ಹಗ್ಗದ ಕುಣಿಕೆಯೇ ಸರಿ. ಅದನ್ನು ಹೆಣಿಗೆಯ ಒಂದು ಸೀಳಿಗೆ ಕಟ್ಟಕೂಡದು. ಎಳೆದೊಡನೆ ಸೀಳು ಮುರಿದು ಹೊದಿಕೆಯನ್ನೂ ಹರಿಯುತ್ತದೆ. ಅಂಚಿನ ದಪ್ಪ ಸುತ್ತನ್ನೂ ಅದರ ಕೆಳಗಿನ ಎರಡು ಮೂರು ಅಡ್ಡಸೀಳುಗಳನ್ನೂ ಕೂಡಿಸಿ, ಎರಡು ಸುತ್ತು ಸುತ್ತಿ ಬಿಗಿದರೆ ಭಾರ ಇಡೀ ಬುಟ್ಟಿಗೆ ಹಂಚಿಹೋಗುತ್ತದೆ. ಕುಣಿಕೆ ನೀರಿನ ಮಟ್ಟಕ್ಕೆ ಮುಟ್ಟುವಷ್ಟು ಇಳಿಬಿದ್ದಿರಬೇಕು. ದೋಣಿ ದುಂಡಾದುದರಿಂದಲೂ ಬಿದ್ದವನು ಯಾವ ಕಡೆ ಮೇಲೇಳುವನೆಂದು ಹೇಳಲಾಗದುದರಿಂದಲೂ ನಾಲ್ಕು ದಿಕ್ಕಿಗೂ ಒಂದೊಂದು ಬೇಕು. ಪ್ರವಾಹದ ಕಾಲದಲ್ಲಿ ರಕ್ಷಣಾ ದಳದವರು ತರುವ ರಬ್ಬರಿನ ಗಾಳಿದೋಣಿಗಳ ಸುತ್ತಲೂ ತೋರಣ ಕಟ್ಟಿದಂತೆ ಒಂದು ಹಗ್ಗವಿರುವುದನ್ನು ನೀವು ವೃತ್ತಪತ್ರಿಕೆಯ ಚಿತ್ರಗಳಲ್ಲಿ ನೋಡಿರಬಹುದು. ಅದು ಅಲಂಕಾರಕ್ಕಲ್ಲ.

ಮರದ ಅಥವಾ ಫೈಬರಿನ ದೋಣಿಗೆ, ಅದರಲ್ಲೂ ಸಣ್ಣ ಹಾಯಿದೋಣಿಗೆ, ಗಟ್ಟಿಯಾದ ಲೋಹದ ಹಿಡಿಕೆಯನ್ನು ಕೂಡಿಸುತ್ತಾರೆ. ಹಾಯಿದೋಣಿ ನಮ್ಮ ಹೊಳೆಸಾಲಿಗೆ ಅಪರಿಚಿತವಾದರೂ ಕರಾವಳಿಗೆ ಹಳೆಯದು. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೈನ್ಯದವರು ಅದನ್ನು ಕ್ರೀಡೆಯಾಗಿ ನಡೆಸುತ್ತ ಬಂದಿದ್ದಾರೆ. ಗಾಳಿಯ ಹೊಡೆತಕ್ಕೆ ಮಗುಚುವುದು ಈ ಜಾತಿಯ ದೋಣಿಗೆ ನಿತ್ಯದ ಸಂಗತಿ. ಆದುದರಿಂದ ಮರಳಿ ಹತ್ತುವ ವಿಚಾರವನ್ನು ಅವರು ನಮಗಿಂತ ಹೆಚ್ಚು ಚಿಂತಿಸಿದ್ದಾರೆ. ಅವರ ರೀತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ಬಾಗಿಲಿನ ಹಿಡಿಕೆಯನ್ನು ನಾಲ್ಕು ತಿರುಪುಮೊಳೆಗಳಿಂದ ದೋಣಿಗೆ ಹಚ್ಚಿ ನಿಶ್ಚಿಂತರಾದವರನ್ನು ನಾನು ಕಂಡಿದ್ದೇನೆ. ಬಾಗಿಲನ್ನು ಎಳೆಯುವ ಬಲವೆಷ್ಟು, ಮುಳುಗುವವನು ಎಳೆಯುವ ಬಲವೆಷ್ಟು?

ತಿರುಪುಮೊಳೆ ತನ್ನ ಸುತ್ತಣ ಒಂದಿಷ್ಟು ಮರವನ್ನು ಮಾತ್ರ ಕಚ್ಚಿಕೊಂಡಿರುತ್ತದೆ. ಆ ಮರ ನೀರು ಕುಡಿದು ಮೆತ್ತಗಾದರೆ ಮೊಳೆ ಹಲ್ಲಿನಂತೆ ಕಿತ್ತು ಬರುತ್ತದೆ. ಆದ್ದರಿಂದ ಹಲಗೆಯ ಈ ಬದಿಯಿಂದ ಆ ಬದಿಗೆ ಹಾಯ್ದುಹೋಗುವ ಬೋಲ್ಟುಗಳೇ ಬೇಕು. ಸಣ್ಣ ದೋಣಿಗೆ 8 ಮಿಲಿಮೀಟರಿನವು ಸಾಕು. ಒಳಬದಿಯಲ್ಲಿ ನಟ್ಟಿನ ಕೆಳಗೆ ಬರಿಯ ವಾಷರಿಟ್ಟರೆ ಸಾಲದು. ಹಿಡಿಕೆಯ ಪಾದಕ್ಕಿಂತ ಅಗಲವಾದ ಪ್ಲೈವುಡ್ಡಿನ ಇಲ್ಲವೆ ಅಲ್ಯೂಮಿನಿಯಮ್ಮಿನ ಒಂದು ಬೆನ್ನುಹಲಗೆ ಇರಬೇಕು. ನೀರಿನಲ್ಲಿದ್ದವನು ನಂಬುವುದು ಹೊರಗೆ ಹೊಳೆಯುವ ಉಕ್ಕನ್ನು. ಅವನನ್ನು ನಿಜವಾಗಿ ಹೊರುವುದು ಯಾರ ಕಣ್ಣಿಗೂ ಬೀಳದ ಈ ಹಲಗೆ. ಅದನ್ನು ಉಳಿಸಿ ಹಣ ಮಿಗಿಸುವವರ ಜಿಪುಣತನವನ್ನು ನಾನು ಕ್ಷಮಿಸಲಾರೆ.

ಇಲ್ಲಿ ದಾಸರ ಛಿದ್ರಗಳ ಮಾತು ಮತ್ತೆ ನೆನಪಾಗುತ್ತದೆ. ನೀರು ಒಳಗೆ ಬರಬಾರದೆಂದು ಕಟ್ಟಿದ ವಸ್ತುವಿಗೆ ನಾವಾಗಿಯೇ ಬೈರಿಗೆ ಹಿಡಿದು ರಂಧ್ರ ಕೊರೆಯುತ್ತಿದ್ದೇವೆ. ರಂಧ್ರದ ಹೊರಬಾಯನ್ನು ತುಸು ಇಳಿಜಾರಾಗಿ ಅಗಲಿಸಿಕೊಂಡರೆ ನೀರುತಡೆಯ ಅಂಟು ಅಲ್ಲಿ ಬಳೆಯಂತೆ ಕುಳಿತು ಬೋಲ್ಟಿನ ಕತ್ತನ್ನು ಅಪ್ಪಿಕೊಳ್ಳುತ್ತದೆ. ಫೈಬರಿನ ದೋಣಿಯಲ್ಲಿ ಎರಡು ಪದರಗಳ ನಡುವೆ ಹಗುರವಾದ ಮರದ ತಿರುಳಿರುವುದುಂಟು. ಆ ತಿರುಳಿಗೆ ಒಂದು ಹನಿ ಇಳಿದರೂ ಕಾಲಾಂತರದಲ್ಲಿ ಅದು ಕೊಳೆಯುತ್ತದೆ. ಅಂಥಲ್ಲಿ ಮೊದಲು ಬೇಕಾದುದಕ್ಕಿಂತ ದೊಡ್ಡ ರಂಧ್ರ ಕೊರೆದು, ಎಪಾಕ್ಸಿ ಅಂಟನ್ನು ತುಂಬಿ, ಅದು ಕಲ್ಲಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಯ ರಂಧ್ರವನ್ನು ಮತ್ತೆ ಕೊರೆಯುತ್ತಾರೆ. ಎರಡು ಸಲ ಕೊರೆಯುವ ಈ ಶ್ರಮ ವ್ಯರ್ಥವಲ್ಲ. ಉಕ್ಕಿನ ವಿಷಯದಲ್ಲಿ, ಹೊಳೆಯ ಸಿಹಿನೀರಿಗೆ 304 ಎಂಬ ತರಗತಿಯ ತುಕ್ಕಿಲ್ಲದ ಉಕ್ಕು ನಡೆದೀತು. ಸಮುದ್ರದ ಉಪ್ಪಿಗೆ 316 ಬೇಕು.

ಹಿಡಿಕೆಯ ಕಂಬಿಗೂ ಹಲಗೆಗೂ ನಡುವೆ ಎರಡು ಅಂಗುಲದಷ್ಟಾದರೂ ತೆರಪಿರಲಿ. ಗಾಬರಿಗೊಂಡವನು ಬೆರಳುಗಳನ್ನು ಒಂದೊಂದಾಗಿ ತೂರಿಸುತ್ತ ಕೂಡಲಾರ. ಎಲ್ಲಿ ಕೂಡಿಸಬೇಕೆಂಬುದು ಇದಕ್ಕಿಂತ ಮುಖ್ಯ. ದೋಣಿ ಓಲುವುದು ಅಡ್ಡಕ್ಕೆ ಹೆಚ್ಚು, ಉದ್ದಕ್ಕೆ ಕಡಿಮೆ. ಆದುದರಿಂದ ಹಿಂಬದಿಯ ಹಲಗೆಯ ಮೇಲೆ, ಚುಕ್ಕಾಣಿಗೆ ತಾಗದಂತೆ ಅದರ ಪಕ್ಕದಲ್ಲಿ ಕೂಡಿಸುವುದು ಲೇಸು. ಒಂದು ಹಿಡಿಕೆಯಿಂದ ಕೆಲಸ ಮುಗಿಯಿತೆಂದು ತಿಳಿಯಬಾರದು. ಎದೆ ಅಂಚಿನ ಮೇಲೆ ಬಂದ ಗಳಿಗೆಯಲ್ಲಿ ಮೊದಲಿನ ಹಿಡಿಕೆ ಹೊಟ್ಟೆಯ ಕೆಳಗಾಗಿ ನಿರುಪಯೋಗವಾಗುತ್ತದೆ. ಆಗ ಚಾಚಿದ ಕೈಗೆ ದೋಣಿಯ ಒಳಗಡೆ, ಮೊಳದಷ್ಟು ಆಚೆ, ಇನ್ನೊಂದು ಸಿಗಬೇಕು. ಈ ಎರಡನೆಯದು ಇಲ್ಲದೆ ಅರ್ಧ ಹತ್ತಿದವರು ಮತ್ತೆ ನೀರಿಗೆ ಜಾರುತ್ತಾರೆ.

ಕಾಲಿನ ಮಾತು ಇನ್ನೂ ಉಳಿದಿದೆ. ಮಕ್ಕಳು, ಮುದುಕರು, ದಣಿದವರು ಬರಿಯ ತೋಳಬಲದಿಂದ ಏರಲಾರರು. ಜೀನಿನಿಂದ ಇಳಿಬಿಟ್ಟ ರಿಕಾಪಿಗೆ ಹಳೆಯ ಕನ್ನಡದಲ್ಲಿ ಅಂಕವಣೆಯೆಂಬ ಸೊಗಸಾದ ಹೆಸರಿದೆ. ಅಂಥದೇ ಒಂದು ಹಗ್ಗದ ಅಂಕವಣೆಯನ್ನು ಹಿಡಿಕೆಯಿಂದ ನೀರೊಳಕ್ಕೆ ಎರಡಡಿಯಷ್ಟು ಇಳಿಬಿಟ್ಟರೆ, ಒಂದು ಪಾದ ಊರಿ, ದೇಹದಲ್ಲಿ ಎಲ್ಲಕ್ಕಿಂತ ಬಲಶಾಲಿಯಾದ ತೊಡೆಯ ಸ್ನಾಯುಗಳಿಂದ ಮೇಲೇಳಬಹುದು. ಕಾಲಿಡುವ ಕಡೆ ಹಗ್ಗವನ್ನು ಒಂದು ಕೊಳವೆಯ ತುಂಡಿನೊಳಗಿಂದ ತೂರಿಸಿದರೆ ಕುಣಿಕೆಯ ಬಾಯಿ ತೆರೆದೇ ಇರುತ್ತದೆ. ಪ್ರಯಾಣದಲ್ಲಿ ಅದನ್ನು ಮೇಲೆತ್ತಿ ಸಿಕ್ಕಿಸಿಡಬೇಕು. ಆದರೆ ನೀರಿನಲ್ಲಿದ್ದವನ ಕೈಗೆ ನಿಲುಕಿ, ಒಂದೇ ಜಗ್ಗಿಗೆ ಬಿಚ್ಚಿಕೊಳ್ಳುವಂತಿರಬೇಕು.

ಕೂಡಿಸಿದ್ದಾಯಿತೆಂದು ಕೂಡಲೆ ಹೊಳೆಗೆ ಇಳಿಸುವುದು ತರವಲ್ಲ. ಅಂಟು ಆರಿದ ಮೇಲೆ ದೋಣಿಯನ್ನು ದಂಡೆಯಲ್ಲಿ ಭದ್ರವಾಗಿ ನಿಲ್ಲಿಸಿ, ಇಬ್ಬರು ಆಳುಗಳು ಕೂಡಿ ಹಿಡಿಕೆಯನ್ನು ಜಗ್ಗಿ ನೋಡಲಿ. ಬೆನ್ನುಹಲಗೆ ಕಿರುಗುಟ್ಟಿದರೆ ಅದರ ದೋಷ ನೆಲದ ಮೇಲೆಯೇ ಗೊತ್ತಾಗುತ್ತದೆ. ಅನಂತರ ಸೊಂಟಮಟ್ಟದ ನಿಂತ ನೀರಿನಲ್ಲಿ, ಪಕ್ಕದಲ್ಲಿ ಈಜು ಬಲ್ಲವರನ್ನಿರಿಸಿಕೊಂಡು, ಮನೆಯವರೆಲ್ಲ ಉಟ್ಟ ಬಟ್ಟೆಯಲ್ಲಿಯೇ ಒಮ್ಮೊಮ್ಮೆ ಹತ್ತಿ ನೋಡಬೇಕು. ಹೆಂಗಸರನ್ನು ಈ ಅಭ್ಯಾಸದಿಂದ ಹೊರಗಿಡುವ ನಮ್ಮ ರೂಢಿಗೆ ಅರ್ಥವಿಲ್ಲ. ನೆರೆ ಬಂದಾಗ ದೋಣಿ ಏರುವವರಲ್ಲಿ ಅವರೂ ಇರುತ್ತಾರೆ.

ಉಳಿದದ್ದು ವರ್ಷಕ್ಕೊಮ್ಮೆಯ ಆರೈಕೆ. ಮುಂಗಾರು ಘಟ್ಟಕ್ಕೆ ಮುಟ್ಟುವ ಮುನ್ನ ನಟ್ಟುಗಳನ್ನು ಪಾನಾ ಹಾಕಿ ಪರೀಕ್ಷಿಸಬೇಕು. ಬೆನ್ನುಹಲಗೆಯ ಸುತ್ತ ಕಪ್ಪುಕಲೆ ಕಂಡರೆ ನೀರು ಜಿನುಗುತ್ತಿದೆಯೆಂದೇ ಲೆಕ್ಕ. ಬಿಚ್ಚಿ, ಒಣಗಿಸಿ, ಅಂಟು ಹೊಸದಾಗಿ ಹಾಕಬೇಕು. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಹಗ್ಗ ನೀರಿನ ಮೇಲೆ ತೇಲುತ್ತದೆಂಬುದು ಅನುಕೂಲವೇ, ಆದರೆ ನಮ್ಮ ಕಡೆಯ ಬಿಸಿಲಿಗೆ ಅದು ಬೇಗ ಜೀರ್ಣವಾಗುತ್ತದೆ. ಕುಣಿಕೆಯ ಮೇಲೆ ಬೆರಳಾಡಿಸಿದಾಗ ಎಳೆಗಳು ಪುಡಿಯಾಗಿ ಉದುರಿದರೆ, ಅದನ್ನು ಕೊಯ್ದು ಹೊಸ ಹಗ್ಗವನ್ನು ಕಟ್ಟಬೇಕು. ಕೊಯ್ದ ಹಗ್ಗವನ್ನು ಬೇಕಾದರೆ ಕಣಕಿಯ ಹೊರೆ ಬಿಗಿಯಲು ಇಟ್ಟುಕೊಳ್ಳಬಹುದು.