ಅಬಲೂರಿನ ಒಗಟು, ಬಾಡದ ರಾಗಿ, ಇಂಗ್ಲಿಷ್ ಗ್ರಾಮರ್

ಇಂಗ್ಲಿಷ್ ಕಲಿಸುವುದು ಹೇಗೆಂದು ಇಂಗ್ಲಿಷ್ ಮೇಷ್ಟ್ರುಗಳಿಗೇ ಹೇಳಿಕೊಡುವ ಸಂಸ್ಥೆಯೊಂದು 1958ರಲ್ಲಿ ಹೈದರಾಬಾದಿನಲ್ಲಿ ಶುರುವಾಯಿತು. ಅದರ ಆರಂಭದ ವರ್ಷಗಳಲ್ಲಿ ನಿರ್ದೇಶಕರಾಗಿದ್ದವರು ಯಾವ ಊರಿನವರು ಗೊತ್ತೆ, ಮಕ್ಕಳೇ? ನಮ್ಮ ಸವಣೂರಿನವರು. ವಿನಾಯಕ ಕೃಷ್ಣ ಗೋಕಾಕರು 1909ರ ಆಗಸ್ಟ್ 9ರಂದು ಹುಟ್ಟಿದ್ದು ಅಲ್ಲಿ. ಧಾರವಾಡದಲ್ಲಿ ಓದಿ, ಆಕ್ಸ್‌ಫರ್ಡ್‌ಗೆ ಹೋಗಿಬಂದು, ಇಂಗ್ಲಿಷ್ ಪ್ರಾಧ್ಯಾಪಕರಾದರು. ಕನ್ನಡದಲ್ಲಿ ಬರೆದು ಜ್ಞಾನಪೀಠ ಪಡೆದರು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಮಣೆ ಹಾಕಬೇಕೆಂದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಅವರೇ. ಎರಡು ಭಾಷೆಗಳೂ ಅವರಲ್ಲಿ ಜಗಳವಾಡದೆ ಕೂತಿದ್ದವು.

ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಬಂದಿದೆ. ಆದರೂ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ ಎಂಟನೇ ತರಗತಿ ಮುಟ್ಟಿದ ಎಷ್ಟೋ ಮಕ್ಕಳು ಕಾಪಿಯನ್ನು ಮುತ್ತು ಪೋಣಿಸಿದಂತೆ ಬರೆಯುತ್ತಾರೆ. ‘ವಾಟ್ ಡಿಡ್ ಯು ಈಟ್?’ ಎಂದರೆ ನೆಲ ನೋಡುತ್ತಾರೆ. ‘ಇಂಗ್ಲಿಷ್ ನಮ್ಮಂಥವರಿಗಲ್ಲ’ ಎಂಬ ಮಾತು ಒಮ್ಮೆ ಮನಸ್ಸಿನಲ್ಲಿ ಕೂತರೆ, ಹತ್ತನೇ ತರಗತಿ ಮುಗಿದಾಗ ವಿಜ್ಞಾನ ಓದಬಹುದಾಗಿದ್ದ ಹುಡುಗಿಯೂ ಅರ್ಜಿ ಹಾಕಲು ಹಿಂಜರಿಯುತ್ತಾಳೆ. ಬುದ್ಧಿಗೇನೂ ಬರವಿಲ್ಲ. ಗ್ರಾಮರನ್ನು ನಿಯಮವೆಂದು ಬಾಯಿಪಾಠ ಮಾಡಿಸುತ್ತೇವೆ, ಬಾಯಿ ಬಿಡಿಸುವುದಿಲ್ಲ, ಅಷ್ಟೇ.

ಒಂದು ಲೆಕ್ಕ ನೋಡಿ. ನಾ ಬರತೇನಿ, ನೀ ಬರತಿ, ಅಂವ ಬರತಾನ, ಅಕಿ ಬರತಾಳ, ಅವರು ಬರತಾರ, ಅದು ಬರತೈತಿ. ಆರು ಜನಕ್ಕೆ ಆರು ಬಾಲ! ಶಾಲೆಗೆ ಸೇರುವ ಮೊದಲೇ ನಮ್ಮ ಮಕ್ಕಳು ಇದನ್ನು ತಪ್ಪಿಲ್ಲದೆ ಆಡುತ್ತಾರೆ. ಇಂಗ್ಲಿಷಿನಲ್ಲಿ ಇಷ್ಟು ತೊಡಕಿಲ್ಲ. ಐ ಕಮ್, ಯು ಕಮ್, ದೇ ಕಮ್. ಹೀ, ಶೀ, ಇಟ್ ಬಂದಾಗ ಮಾತ್ರ ಒಂದು ‘ಎಸ್’, ಕಮ್ಸ್. ಆರು ಬಾಲ ನಿಭಾಯಿಸಿದವರಿಗೆ ಒಂದು ಬಾಲ ಯಾವ ಲೆಕ್ಕ?

ಇದನ್ನೇ ಆಟ ಮಾಡಬಹುದು. ಹಳೆಯ ಲಗ್ನಪತ್ರಿಕೆಗಳ ಹಿಂಭಾಗದಲ್ಲಿ ಐ, ಯು, ಹೀ, ಶೀ, ದೇ, ರನ್, ಈಟ್ ಎಂದು ದೊಡ್ಡದಾಗಿ ಬರೆದು ಮಕ್ಕಳ ಕೈಗೆ ಕೊಡಿ. ಒಬ್ಬನ ಕೈಯಲ್ಲಿ ‘ಎಸ್’ ಮಾತ್ರ, ಅವನು ಹಾವು. ‘ಹೀ’ ಮುಂದೆ ಬಂದ ಕೂಡಲೇ ಹಾವು ಬುಸ್ಸೆಂದು ಓಡಿಬಂದು ಕ್ರಿಯಾಪದದ ಬಾಲಕ್ಕೆ ಅಂಟಿಕೊಳ್ಳಬೇಕು. ‘ದೇ’ ಬಂದಾಗಲೂ ಓಡಿಬಂದರೆ ಔಟು.

ಅದೇ ಪತ್ರಿಕೆಗಳಿಂದ ಇನ್ನೊಂದು ಆಟ. ಮೂವರು ಮಕ್ಕಳು ನಾನು, ಹಾಲು, ಕುಡಿಯುತ್ತೇನೆ ಎಂದು ಸಾಲಾಗಿ ನಿಲ್ಲಲಿ. ಮೇಷ್ಟ್ರು ಚಪ್ಪಾಳೆ ತಟ್ಟಿದಾಗ ಕಾರ್ಡು ತಿರುಗಿಸಿದರೆ ಹಿಂದೆ ಐ, ಮಿಲ್ಕ್, ಡ್ರಿಂಕ್. ಈಗ ‘ಡ್ರಿಂಕ್’ ಕೊನೆಯಲ್ಲಿ ನಿಲ್ಲುವಂತಿಲ್ಲ, ಹಾರಿ ನಡುವೆ ಬರಬೇಕು. ಕನ್ನಡದಲ್ಲಿ ಕ್ರಿಯಾಪದ ಮದುವೆಮನೆಯ ಯಜಮಾನನ ಹಾಗೆ, ಎಲ್ಲರ ಊಟವಾದ ಮೇಲೆ ಕೊನೆಯ ಪಂಕ್ತಿಗೆ ಕೂರುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಅಷ್ಟು ತಾಳ್ಮೆಯಿಲ್ಲ. ಕಾಲಿನಲ್ಲಿ ಓಡಾಡಿ ಕಲಿತ ಈ ಕ್ರಮ ಪರೀಕ್ಷೆಯಲ್ಲಿ ಮರೆಯುವುದಿಲ್ಲ.

ಹಿರೇಕೆರೂರು ತಾಲೂಕಿನ ಅಬಲೂರು ಸರ್ವಜ್ಞನ ಊರೆಂದು ಹೆಸರಾದದ್ದು. ಅವನ ತ್ರಿಪದಿಗಳಲ್ಲಿ ಒಗಟುಗಳೂ ಇವೆ. ಒಗಟು ಕಟ್ಟುವುದು ನಮ್ಮ ಅಜ್ಜಿಯಂದಿರಿಗೂ ಹೊಸದಲ್ಲ. ಅದನ್ನೇ ಇಂಗ್ಲಿಷಿಗೆ ತನ್ನಿ. ‘ಐ ಆಮ್ ಎ ಟ್ರೀ. ಐ ಆಮ್ ವೆರಿ ಫ್ಯಾಟ್. ಮೈ ಬ್ರದರ್ಸ್ ಲಿವ್ ಇನ್ ಆಫ್ರಿಕಾ. ಐ ಲಿವ್ ಇನ್ ಸವಣೂರು. ಹೂ ಆಮ್ ಐ?’ ಸವಣೂರಿನ ದೊಡ್ಡಹುಣಸೆ ಮರವನ್ನು ನೋಡಿದ ಮಗು ಬೆಂಚಿನಿಂದ ಎದ್ದು ಕೂಗುತ್ತದೆ. ಉತ್ತರ ಹೇಳುವುದಕ್ಕಿಂತ ಒಗಟು ಕಟ್ಟುವುದರಲ್ಲಿ ಕಲಿಕೆ ಹೆಚ್ಚು. ‘ಐ ಹ್ಯಾವ್’, ‘ಐ ಕ್ಯಾನ್’, ‘ಐ ಆಮ್’ ಈ ಮೂರು ಗೊತ್ತಿದ್ದರೆ ಸಾಕು; ಕೊಡೆ, ಬೀಗ, ರೊಟ್ಟಿ ಹಂಚು, ಮೇಷ್ಟ್ರ ಕನ್ನಡಕ, ಎಲ್ಲವೂ ಒಗಟಾಗುತ್ತವೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಶಿಗ್ಗಾವಿ ತಾಲೂಕಿನ ಬಾಡದ್ದು. ಅಲ್ಲಿ ಹುಟ್ಟಿದ ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಜಗಳ. ತಾನು ಮೇಲು, ತಾನು ಮೇಲು ಎಂದು ವಾದ ಬೆಳೆದಾಗ ಶ್ರೀರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಗೆ ಬಂದಾಗ ಅಕ್ಕಿ ಕಂಗೆಟ್ಟಿತ್ತು, ರಾಗಿ ಗಟ್ಟಿಯಾಗಿಯೇ ಇತ್ತು. ಹೋಲಿಸಿ ಹೇಳುವ ಗ್ರಾಮರ್ ಪಾಠಕ್ಕೆ ಇದಕ್ಕಿಂತ ಒಳ್ಳೆಯ ನಾಟಕ ಬೇಕೆ? ಬಿಳಿ ಟವೆಲ್ ಹೊದ್ದವಳು ಅಕ್ಕಿ: ‘ಐ ಆಮ್ ವೈಟರ್ ದ್ಯಾನ್ ಯು!’ ಕಂದು ಶಾಲಿನವನು ರಾಗಿ: ‘ಐ ಆಮ್ ಸ್ಟ್ರಾಂಗರ್ ದ್ಯಾನ್ ಯು!’ ಅಕ್ಕಿ ಬಿಡುವುದಿಲ್ಲ: ‘ಐ ಆಮ್ ಮೋರ್ ಬ್ಯೂಟಿಫುಲ್ ದ್ಯಾನ್ ಯು!’ ಇಲ್ಲಿ ಮೇಷ್ಟ್ರು ಒಂದು ಗಳಿಗೆ ನಾಟಕ ನಿಲ್ಲಿಸಿ ಕೇಳಬಹುದು, ‘ಬ್ಯೂಟಿಫುಲರ್ ಯಾಕಲ್ಲ?’ ಚಿಕ್ಕ ಪದಕ್ಕೆ ಹಿಂದೆ ‘ಅರ್’ ಬಾಲ, ಉದ್ದ ಪದಕ್ಕೆ ಮುಂದೆ ‘ಮೋರ್’ ಪೇಟ. ಕೊನೆಗೆ ರಾಮನಾದವನು, ‘ಗೋ ಟು ಜೈಲ್ ಫಾರ್ ಸಿಕ್ಸ್ ಮಂತ್ಸ್!’ ತೀರ್ಪಿನ ದಿನ, ‘ರಾಗಿ ಈಸ್ ದ ಸ್ಟ್ರಾಂಗೆಸ್ಟ್.’ ಭತ್ತ ಬೆಳೆಯುವ ಹಾನಗಲ್ಲಿನ ಮಕ್ಕಳು ತೀರ್ಪನ್ನು ಒಪ್ಪದಿದ್ದರೆ ವಾದ ಮುಂದುವರಿಯಲಿ, ಮಾತು ಬೆಳೆದಷ್ಟೂ ಲಾಭ. ಜೋಳದ ರೊಟ್ಟಿಯ ಪರವಾಗಿ ಒಬ್ಬ ವಕೀಲ ಎದ್ದು ನಿಂತರಂತೂ ಇನ್ನೂ ಒಳ್ಳೆಯದು.

ಹಾನಗಲ್ಲಿನವರಿಗೆ ತಾರಕೇಶ್ವರ ಗುಡಿಯೇ ಇದೆ. ಒಬ್ಬರು ಗೈಡ್, ಉಳಿದವರು ಪ್ರವಾಸಿಗರು. ‘ದೇರ್ ಈಸ್ ಎ ಬಿಗ್ ಲೋಟಸ್ ಇನ್ ದ ಸೀಲಿಂಗ್. ದೇರ್ ಆರ್ ಮೆನಿ ಪಿಲ್ಲರ್ಸ್.’ ಒಂದಿದ್ದರೆ ಈಸ್, ಹಲವಿದ್ದರೆ ಆರ್. ಶನಿವಾರದ ಒಂದು ಬೆಳಗು ಸಾಕು.

ಸಂತೆ ಆಟವನ್ನು ಎಲ್ಲರೂ ಆಡಿಸುತ್ತಾರೆ, ಆದರೆ ಅದರಲ್ಲಿ ಗ್ರಾಮರ್ ಕಾಣುವವರು ಕಡಿಮೆ. ನಾವು ‘ಎಷ್ಟು ಅಕ್ಕಿ?’, ‘ಎಷ್ಟು ಮಾವಿನಹಣ್ಣು?’ ಎಂದು ಎರಡಕ್ಕೂ ಒಂದೇ ‘ಎಷ್ಟು’ ಬಳಸುತ್ತೇವೆ. ಇಂಗ್ಲಿಷಿನವರು ಎಣಿಸುವುದಕ್ಕೆ ‘ಹೌ ಮೆನಿ’, ಅಳೆಯುವುದಕ್ಕೆ ‘ಹೌ ಮಚ್’ ಅನ್ನುತ್ತಾರೆ. ಆದ್ದರಿಂದ ಅಂಗಡಿಯಲ್ಲಿ ಎರಡು ಬುಟ್ಟಿ ಇಡಿ. ಒಂದರಲ್ಲಿ ಸವಣೂರಿನ ವೀಳ್ಯದೆಲೆ, ಹಾನಗಲ್ಲಿನ ಮಾವು. ಇನ್ನೊಂದರಲ್ಲಿ ಅಕ್ಕಿ, ಎಣ್ಣೆ, ಸವಣೂರು ಖಾರ. ತಪ್ಪು ಬುಟ್ಟಿಗೆ ತಪ್ಪು ಪ್ರಶ್ನೆ ಕೇಳಿದರೆ ಅಂಗಡಿಯವಳು ಸಾಮಾನು ಕೊಡುವುದಿಲ್ಲ.

ಉಚ್ಚಾರಕ್ಕೆ ಒಂದು ಕಾಗದದ ಚೂರು ಸಾಕು. ತುಟಿಯ ಮುಂದೆ ಹಿಡಿದು ‘ಪೆನ್’ ಎಂದರೆ ಚೂರು ಫಟ್ಟನೆ ಹಾರಬೇಕು. ‘ಫ್ಯಾನ್’ ಅನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಿ ಗಾಳಿ ಸುಯ್ ಎನ್ನಬೇಕು. ಮಕ್ಕಳು ಇದನ್ನು ಮನೆಯಲ್ಲಿ ಕನ್ನಡಿ ಮುಂದೆಯೂ ಮಾಡುತ್ತಾರೆ, ಅಜ್ಜ ಅಜ್ಜಿ ಗಾಬರಿಯಾಗಬೇಡಿ.

ಇಷ್ಟೆಲ್ಲ ಆಟವಾಡಿಸಿಯೂ ಒಂದು ಕಡೆ ಎಡವಿದರೆ ಎಲ್ಲವೂ ನೀರಿನಲ್ಲಿ ಹೋಮ. ಮಗು ‘ಐ ಗೋ ಜಾತ್ರೆ ಎಸ್ಟರ್‌ಡೇ’ ಎಂದಾಗ ನಡುವೆ ತಡೆದು ತಪ್ಪು ಎನ್ನಬೇಡಿ, ಉಳಿದವರು ನಗುವುದಕ್ಕಂತೂ ಬಿಡಲೇಬೇಡಿ. ‘ಓ, ಯು ವೆಂಟ್ ಟು ದ ಜಾತ್ರೆ! ವಾಟ್ ಡಿಡ್ ಯು ಸೀ?’ ಎಂದು ಮರುಮಾತು ಆಡಿ. ಸರಿಯಾದ ರೂಪ ಕಿವಿಗೆ ಬಿತ್ತು, ಮಾತೂ ಮುಂದೆ ಸಾಗಿತು. ನಲವತ್ತು ಮಕ್ಕಳ ತರಗತಿಯಾದರೆ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಗದ್ದಲವಾಗುತ್ತದೆ, ಆಗಲಿ. ನಮ್ಮ ರಾಜ್ಯದ ‘ನಲಿ-ಕಲಿ’ ತರಗತಿಗಳಲ್ಲೂ ಗದ್ದಲವೇ ಇರುವುದು.

ಇನ್ನು ಅಜ್ಜ ಅಜ್ಜಿಯರ ಪಾಲಿನ ಕೆಲಸ. ಇದಕ್ಕೆ ನಿಮಗೆ ಇಂಗ್ಲಿಷ್ ಬರಬೇಕಾಗಿಲ್ಲ. ಮೊಮ್ಮಗ ನಿಮ್ಮನ್ನು ಕನ್ನಡದಲ್ಲೇ ಕೇಳುತ್ತಾನೆ: ಶಾಲೆಗೆ ಹೇಗೆ ಹೋಗುತ್ತಿದ್ದಿರಿ? ಏನು ಆಡುತ್ತಿದ್ದಿರಿ? ಬುತ್ತಿಗೆ ಏನು ಕಟ್ಟಿಕೊಳ್ಳುತ್ತಿದ್ದಿರಿ? ನೀವು ಕನ್ನಡದಲ್ಲೇ ಹೇಳಿ. ಮರುದಿನ ತರಗತಿಯಲ್ಲಿ ಅವನು, ‘ಮೈ ಗ್ರ್ಯಾಂಡ್‌ಫಾದರ್ ವಾಕ್ಡ್ ಟು ಸ್ಕೂಲ್. ಹೀ ಪ್ಲೇಡ್ ಚಿನ್ನಿದಾಂಡು. ಹೀ ಏಟ್ ರೊಟ್ಟಿ’ ಎನ್ನಬೇಕು. ಭೂತಕಾಲ ಕಲಿಯಲು ಭೂತಕಾಲ ಕಂಡವರೇ ಬೇಕು ನೋಡಿ! ಆಗ ಗೆಳತಿಯೊಬ್ಬಳು ಕೇಳುತ್ತಾಳೆ, ‘ಡಿಡ್ ಹೀ ಗೋ ಎವ್ರಿ ಡೇ?’ ‘ಡಿಡ್’ ಬಂದ ಕೂಡಲೇ ‘ವೆಂಟ್’ ಮತ್ತೆ ‘ಗೋ’ ಆಗುತ್ತದೆ, ಭೂತಕಾಲವನ್ನು ‘ಡಿಡ್’ ಒಂದೇ ಹೊರುತ್ತದೆ. ಉತ್ತರ ಗೊತ್ತಿಲ್ಲದಿದ್ದರೆ ಮೊಮ್ಮಗ ಸಂಜೆ ಮತ್ತೆ ನಿಮ್ಮ ಹತ್ತಿರ ಬಂದು ಕೂರುತ್ತಾನೆ. ದಿನಾ ಶಾಲೆಗೆ ಹೋಗುತ್ತಿದ್ದಿರೋ, ತಪ್ಪಿಸಿಕೊಂಡು ಕೆರೆಗೆ ಈಜಲು ಹೋಗುತ್ತಿದ್ದಿರೋ, ನಿಜವನ್ನೇ ಹೇಳಿ.