ಮನೆಯ ಹೊಲಿಗೆಯೂ ಅದರ ಕೂಲಿಯೂ

ಗೃಹಕೃತ್ಯಗಳ ನಡುವೆ ದೊರೆಯುವ ವಿರಾಮದಲ್ಲಿ ನಾಲ್ಕು ಕಾಸು ಸಂಪಾದಿಸಲು ಅನುಕೂಲವಾದ ಉದ್ಯೋಗಗಳಲ್ಲಿ ಹೊಲಿಗೆಯು ಮುಖ್ಯವಾದುದು. ಯಂತ್ರಗಳಲ್ಲಿ ಅಷ್ಟಾಗಿ ಆದರವಿಲ್ಲದ ಮಹಾತ್ಮಾ ಗಾಂಧಿಯವರು ಸಹ 1924ರಲ್ಲಿ ಸಿಂಗರ್ ಹೊಲಿಗೆಯಂತ್ರವನ್ನು ತಮ್ಮ ಆಕ್ಷೇಪಣೆಯಿಂದ ಹೊರತುಪಡಿಸಿದರು. ಅಲ್ಪ ಸ್ಥಳದಲ್ಲಿ, ಅಲ್ಪ ಬಂಡವಾಳದಿಂದ ನಡೆಸಬಹುದಾದ ಈ ಕಸುಬನ್ನು ಅನೇಕರು ಉತ್ಸಾಹದಿಂದ ಆರಂಭಿಸುತ್ತಾರೆ. ಕೆಲವು ತಿಂಗಳುಗಳಲ್ಲಿಯೇ ಯಂತ್ರಕ್ಕೆ ಮುಸುಕು ಹಾಕುವವರೂ ಉಂಟು. ಇದರ ಕಾರಣವೊಂದನ್ನು ನಮ್ಮ ಮನೆಯಲ್ಲಿಯೇ ಕಂಡುದರಿಂದ ವಾಚಕರಲ್ಲಿ ಅರಿಕೆಮಾಡುತ್ತೇವೆ.

ನಮ್ಮ ಸೊಸೆಯು ಹೊಲಿಗೆಯಲ್ಲಿ ನಿಪುಣೆ. ಆಕೆಯು ನಡುಮನೆಯ ಕಿಟಕಿಯ ಬಳಿ ಯಂತ್ರವನ್ನಿಟ್ಟು, ನೆರೆಹೊರೆಯವರಿಗೆ ರವಿಕೆ ಹೊಲಿಯಲು, ಸೀರೆಗೆ ಫಾಲ್ ಹಚ್ಚಲು, ಸೆರಗಿಗೆ ಕುಚ್ಚು ಕಟ್ಟಲು ತೊಡಗಿದಳು. "ಪರಿಚಿತರಲ್ಲಿ ಹಣ ಕೇಳುವುದು ಮರ್ಯಾದೆಯಲ್ಲ, ಕೊಟ್ಟಷ್ಟು ತೆಗೆದುಕೋ" ಎಂದು ಉಪದೇಶಮಾಡಿದವರು ನಾವೇ. ಆಕೆಯು ಎದುರಾಡಲಿಲ್ಲ. ನಾಲ್ಕು ತಿಂಗಳ ತರುವಾಯ ಒಂದು ಸಂಜೆ ಲೆಕ್ಕದ ಪುಸ್ತಕವನ್ನು ನಮ್ಮ ಮುಂದಿಟ್ಟು, "ಮಾವನವರೇ, ಇದನ್ನೊಮ್ಮೆ ನೋಡಿ" ಎಂದಳು. ಲೈನಿಂಗ್ ರವಿಕೆಯೊಂದಕ್ಕೆ 100 ರೂಪಾಯಿ ಬಂದಿತ್ತು. ಲೈನಿಂಗ್ ಬಟ್ಟೆ, ದಾರ, ಹುಕ್ಕುಗಳಿಗೆ 60 ರೂಪಾಯಿ ಹೋಗಿತ್ತು. ಉಳಿದ 40 ರೂಪಾಯಿ ಮೂರು ಗಂಟೆಗಳ ದುಡಿಮೆಗೆ! ಅದೇ ವಾರ ತೆಂಗಿನಕಾಯಿ ಕೀಳಲು ಬಂದವನು ಅರ್ಧ ಗಂಟೆಯ ಕೆಲಸಕ್ಕೆ ಕೇಳಿದ ಕೂಲಿಯನ್ನು ನಾವು ಮರುಮಾತಿಲ್ಲದೆ ಕೊಟ್ಟಿದ್ದೆವು.

ಅಮರಕೋಶವನ್ನು ಅನೇಕ ವರ್ಷ ಬಾಲಕರಿಗೆ ಬಾಯಿಪಾಠ ಮಾಡಿಸಿದವರು ನಾವು. ಸೂಚಿ ಎಂದರೆ ಸೂಜಿ. ಅದರಿಂದ ಜೀವಿಸುವವನು ಸೌಚಿಕ. ಈ ಶಬ್ದವು ಬರುವ ವರ್ಗದಲ್ಲಿಯೇ ವೇತನ, ಭೃತಿ ಮೊದಲಾದ ಕೂಲಿಯ ಹೆಸರುಗಳೂ ಬರುತ್ತವೆ. ಕಸುಬೂ ಕೂಲಿಯೂ ಒಂದೇ ಪುಟದ ಮಾತುಗಳೆಂಬುದು ಆ ಸಂಜೆಯವರೆಗೆ ನಮಗೆ ಹೊಳೆದಿರಲಿಲ್ಲ.

ಆದಕಾರಣ, ಹೊಲಿಗೆಯನ್ನು ಉದ್ಯೋಗವಾಗಿ ಕೈಕೊಳ್ಳುವವರು ಮೊದಲು ದರವನ್ನು ನಿಷ್ಕರ್ಷೆಮಾಡತಕ್ಕದ್ದು. ಸಾಮಗ್ರಿಗೆ 60, ಯಂತ್ರದ ಸವಕಳಿಗೂ ವಿದ್ಯುತ್ತಿಗೂ 10, ಗಂಟೆಗೆ 60ರಂತೆ ಮೂರು ಗಂಟೆಗಳಿಗೆ 180. ಒಟ್ಟು 250 ರೂಪಾಯಿ. ಊರಿನಿಂದ ಊರಿಗೆ ಅಂಕಿಗಳು ಬೇರೆಯಾಗಬಹುದು, ಲೆಕ್ಕದ ಕ್ರಮವು ಒಂದೇ. ಮನೆಯ ಖರ್ಚಿನ ಹಣವನ್ನೂ ಹೊಲಿಗೆಯ ಹಣವನ್ನೂ ಬೆರಸಕೂಡದು.

ಎರಡನೆಯದಾಗಿ, ಬಟ್ಟೆಯನ್ನು ಕೆಡಿಸದಿರುವುದೇ ಲಾಭದ ಮೂಲ. ಅಳತೆಗಳನ್ನು ಹೆಸರು, ತಾರೀಖುಗಳೊಡನೆ ಬರೆದಿಡಬೇಕು. ಸರಿಯಾಗಿ ಕೂಡುವ ಹಳೆಯ ರವಿಕೆಯೊಂದನ್ನು ಅಳತೆಗೆ ಕೇಳಿ ಪಡೆಯುವುದು ಮೇಲು. ಹತ್ತಿಯ ಲೈನಿಂಗ್ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಒಣಗಿಸಿದ ಮೇಲೆಯೇ ಕತ್ತರಿಸತಕ್ಕದ್ದು. ಇಲ್ಲವಾದರೆ ಮೊದಲನೆಯ ಒಗೆತದಲ್ಲಿ ಅದು ಕುಗ್ಗಿ ರವಿಕೆಯು ಮುದುಡುವುದು. ತೆಳುವಾದ ಬಟ್ಟೆಗೆ 11ನೆಯ ನಂಬರಿನ ಸೂಜಿ, ಸಾಧಾರಣ ಹತ್ತಿಗೆ 14, ದಪ್ಪನೆಯದಕ್ಕೆ 16 ಒಪ್ಪುತ್ತವೆ.

ಮೂರನೆಯದು ವಾಯಿದೆ. ಗೌರಿ ಹಬ್ಬ, ದೀಪಾವಳಿ, ಮದುವೆಯ ತಿಂಗಳುಗಳಲ್ಲಿ ಬಟ್ಟೆಗಳು ರಾಶಿಯಾಗಿ ಬರುತ್ತವೆ. ಕೈಲಾದಷ್ಟನ್ನೇ ಒಪ್ಪಿಕೊಂಡು, ಕೊಡುವ ದಿನವನ್ನು ಚೀಟಿಯಲ್ಲಿ ಬರೆದುಕೊಡತಕ್ಕದ್ದು. ಹಬ್ಬದ ಮಾರನೆಯ ದಿನ ಸಿದ್ಧವಾದ ರವಿಕೆಯು ಎಷ್ಟು ಅಂದವಾಗಿದ್ದರೂ ಬೈಗುಳಕ್ಕೇ ಪಾತ್ರ.

ಬಂಡವಾಳಕ್ಕಾಗಿ ಒಡವೆಗಳನ್ನು ಅಡವಿಡುವ ಮೊದಲು ಸರ್ಕಾರದ ಸೌಕರ್ಯಗಳನ್ನು ವಿಚಾರಿಸುವುದು ಲೇಸು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕೆಲಸವೂ ಸೇರಿದೆ. ಅದರಲ್ಲಿ ತರಬೇತಿಯನ್ನೂ, ಉಪಕರಣಗಳಿಗಾಗಿ 15,000 ರೂಪಾಯಿಗಳವರೆಗಿನ ನೆರವನ್ನೂ, ಮೊದಲನೆಯ ಕಂತಿನಲ್ಲಿ 1 ಲಕ್ಷ ರೂಪಾಯಿಗಳವರೆಗಿನ ಸಾಲವನ್ನೂ ನಿಯಮಿಸಲಾಯಿತು. ಆದರೆ ಸಾಲವು ಸಾಲವೇ. ಗಿರಾಕಿಗಳನ್ನು ಕಂಡುಕೊಂಡ ಮೇಲೆ ಎತ್ತುವುದು ವಿವೇಕ.

ನಮ್ಮ ಸೊಸೆಯು ದರಗಳ ಪಟ್ಟಿಯೊಂದನ್ನು ಬರೆದು ಕಿಟಕಿಯ ಪಕ್ಕದಲ್ಲಿ ಅಂಟಿಸಿದಳು. ಇಬ್ಬರು ಬರುವುದನ್ನು ಬಿಟ್ಟರು. ಮಿಕ್ಕವರು ಪಟ್ಟಿಯನ್ನು ಓದಿ, ಹಣವನ್ನೆಣಿಸಿ ಕೊಟ್ಟು, ಮೊದಲಿನಂತೆಯೇ ಕುಳಿತು ಕಾಫಿ ಕುಡಿದು ಹೋದರು. ಮರ್ಯಾದೆಗೆ ಯಾವ ಹಾನಿಯೂ ಬರಲಿಲ್ಲ.

ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಮನೆಯ ಹೆಣ್ಣುಮಕ್ಕಳು ಇಂತಹ ಉದ್ಯೋಗಕ್ಕೆ ತೊಡಗಿದಾಗ ಉಪದೇಶಕ್ಕೆ ಮುಂಚೆ ಅವರ ಲೆಕ್ಕದ ಪುಸ್ತಕವನ್ನು ಓದಿರಿ, ಅದರಲ್ಲಿ ಅವರ ಕೂಲಿಯ ಕಲಮು ಉಂಟೋ ಇಲ್ಲವೋ ನೋಡಿರಿ.